ಮೊಣಕಾಲಿನ ಸೀಸೆ

"ಒಂದು ಪಾಲು ಹುಳಿ, ಎರಡು ಪಾಲು ಸಿಹಿ, ಮೂರು ಪಾಲು ಖಡಕ್ಕು, ನಾಲ್ಕು ಪಾಲು ಸಪ್ಪೆ! ಮರೀಬೇಡ ಹುಡುಗಿ!" ಡಾರ್ನ್ಲಿ ಅಂಕಲ್ ಅಂಗಳದಿಂದಲೇ ಕೂಗಿದ. ಬಾರ್ಬಡೋಸಿನಲ್ಲಿ ಹುಟ್ಟಿದವರಿಗೆ ಪಂಚ್ ಎಂಬ ರಮ್ಮಿನ ಪಾನಕದ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

ಕೊರೀನ್ ಒಳಗೆ ನಿಂಬೆ ಹಿಂಡುತ್ತಿದ್ದಳು. ಈ ಮನೆಯಲ್ಲಿ ಪಂಚ್ ಕಲಸುತ್ತಿದ್ದವನು ಅವಳ ಮಾವ. ಅವನು ಕುಡಿದು ಕುಡಿದೇ ಸತ್ತ ಮೇಲೆ ಅತ್ತೆ ವೆಲ್ಡಾ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, ಇನ್ನು ತಾನು ರಮ್ ಮುಟ್ಟುವುದಿಲ್ಲ, ತನ್ನ ಹೊಸ್ತಿಲು ದಾಟಲೂ ಬಿಡುವುದಿಲ್ಲ ಎಂದು ಆಣೆ ಮಾಡಿದ್ದಳು. ಇವತ್ತು ಮೊಮ್ಮಗನ ನಾಮಕರಣ. ಪಂಚ್ ಇಲ್ಲದ ನಾಮಕರಣವನ್ನು ಊರು ಕಂಡಿದೆಯೇ? ಸೊಸೆ ಗೋಗರೆದು ಗೋಗರೆದು ಒಪ್ಪಿಸಿದ್ದಳು.

"ಆಯ್ತು. ಏನಾದ್ರೂ ಎಡವಟ್ಟಾದ್ರೆ ನಿನ್ನ ತಲೆಗೇ," ಎಂದಿದ್ದಳು ಅತ್ತೆ.

ಈ ಒಂದು ಮಧ್ಯಾಹ್ನ ಸುಸೂತ್ರವಾಗಿ ಕಳೆದರೆ ಈ ಮನೆಯಲ್ಲಿ ತನ್ನ ಮಾತಿಗೂ ಬೆಲೆ ಬಂದೀತು ಎಂದು ಕೊರೀನ್ ಆಸೆಪಟ್ಟಿದ್ದಳು.

ಆದರೆ ಮೂರು ಪಾಲಿಗೆ ರಮ್ ಸಾಲಲಿಲ್ಲ. ಬಾಟಲಿ ತಂದ ಡಾರ್ನ್ಲಿ ಅಂಕಲ್ ದಾರಿಯಲ್ಲೇ ರುಚಿ ನೋಡಿದ್ದ. "ಹೆನ್ಸ್ಲಿ, ಇನ್ನೊಂದು ಬಾಟ್ಲಿ ಇದ್ಯೇನೋ ನೋಡೋ!" ಎಂದು ಅವಳು ಗಂಡನನ್ನು ಕೂಗಿದಳು. ಮಗುವನ್ನು ಎತ್ತಿಕೊಂಡಿದ್ದ ಹೆನ್ಸ್ಲಿ ಎಲ್ಲಿಂದಲೋ ಒಂದನ್ನು ತಂದು ಮೇಜಿನ ಮೇಲಿಟ್ಟು ಹೋದ. ರಮ್ಮಿನ ಚೀಟಿಯೇ ಅಂಟಿಸಿತ್ತು. ಅವಳು ಬಗ್ಗಿಸಿದಳು, ಅನಾನಸ್ ರಸ ಸುರಿದಳು, ಜಾಯಿಕಾಯಿ ತುರಿದು ಹಾಕಿದಳು. ಘಮಘಮ ಎಂದಿತು.

ಅಂಗಳದಲ್ಲಿ ಎಲ್ಲರ ಕೈಗೂ ಲೋಟ ಬಂತು. ಪಾದ್ರಿಗೆ ಮಾತ್ರ ಬರೀ ಹಣ್ಣಿನ ರಸ. ಸತ್ತವರ ಪಾಲನ್ನು ನೆಲಕ್ಕೆ ಚೆಲ್ಲದೆ ಯಾರೂ ಕುಡಿಯುವಂತಿಲ್ಲ. ಚೆಲ್ಲುವುದಕ್ಕೆ ಎದ್ದ ಡಾರ್ನ್ಲಿ ಅಂಕಲ್, ಮೈಕ್ ಸಿಕ್ಕ ರಾಜಕಾರಣಿಯ ಹಾಗೆ ಭಾಷಣ ಶುರು ಹಚ್ಚಿಕೊಂಡ.

ಅಷ್ಟರಲ್ಲಿ ಕೊರೀನ್ ಒಳಗೆ ಬಾಟಲಿಗಳನ್ನು ಎತ್ತಿಡುತ್ತಿದ್ದಳು. ಎರಡನೆಯದರ ತಳದಲ್ಲಿ ಏನೋ ಕಪ್ಪಗೆ ಅಂಟಿತ್ತು. ಬೆಳಕಿಗೆ ಹಿಡಿದಳು. ಎಲೆಗಳು. ಬೇ ಮರದ ಎಲೆಗಳು.

ಇದು ಅತ್ತೆ ಹಳೇ ರಮ್ ಬಾಟಲಿಯಲ್ಲಿ ಎಲೆ ನೆನೆಸಿಟ್ಟು ಮೊಣಕಾಲಿಗೆ ತಿಕ್ಕಿಕೊಳ್ಳುವ ಔಷಧಿ! ಮೈಗೆ ಹಚ್ಚಬೇಕೇ ಹೊರತು ನಾಲಿಗೆಗೆ ಸೋಕಿಸಬಾರದು. ಅದನ್ನು ಕುಡಿದು ಪಕ್ಕದ ಬೀದಿಯವನೊಬ್ಬ ಕಣ್ಣು ಕಳಕೊಂಡಿದ್ದ.

"ಕುಡೀಬೇಡಿ! ಯಾರೂ ಕುಡೀಬೇಡಿ!"

ಬಾಟಲಿ ಹಿಡಿದೇ ಓಡಿ ಬಂದವಳು ಪಂಚಿನ ಬೋಗುಣಿಯನ್ನು ನೆಲಕ್ಕೆ ಮಗುಚಿದಳು. "ಅಮ್ಮನ ಮೊಣಕಾಲಿನ ಸೀಸೆ... ನಾನು ಅದನ್ನೇ ಹಾಕ್ಬಿಟ್ಟೆ..."

ಜನ ಲೋಟಗಳನ್ನು ಕೆಂಡದ ಹಾಗೆ ಕೆಳಗಿಟ್ಟರು. ಡಾರ್ನ್ಲಿ ಅಂಕಲ್ ಮಾತ್ರ ಹೊಟ್ಟೆ ಹಿಡಿದು ಕುಸಿದ. "ಅಯ್ಯೋ, ನಾನು ಆಗ್ಲೇ ಒಂದು ಲೋಟ ಏರಿಸ್ಬಿಟ್ಟಿದ್ದೆ! ಕಣ್ಣು ಕತ್ತಲೆ ಬರ್ತಿದೆ! ಸತ್ತೆ!"

"ಮಗು ಹೆಸರಿಡೋ ದಿನ ವಿಷ ಹಾಕಿದ್ಲಲ್ಲ, ಮಹಾತಾಯಿ," ಎಂದು ಯಾರೋ ಅಂದರು. ಹೆನ್ಸ್ಲಿ ಕಾರಿನ ಕೀಲಿಗೆ ಓಡಿದ. ಕೊರೀನ್‌ಗೆ ಅಳುವೂ ಬರಲಿಲ್ಲ. ಮನೆಯಲ್ಲಿ ಬೆಲೆ ಹಾಗಿರಲಿ, ಇನ್ನು ಊರಲ್ಲಿ ಮುಖ ಎತ್ತುವ ಹಾಗಿರಲಿಲ್ಲ.

ಆಗ ವೆಲ್ಡಾ ಎದ್ದಳು. ಬಿಳಿ ಟೋಪಿ, ಬಿಳಿ ಕೈಗವಸು, ಚರ್ಚಿನಿಂದ ಬಂದ ವೇಷದಲ್ಲೇ ಇದ್ದಳು. ಸೊಸೆಯ ಕೈಯಿಂದ ಬಾಟಲಿ ಕಿತ್ತುಕೊಂಡಳು. ತಳದಲ್ಲಿ ಎರಡು ಗುಟುಕು ಉಳಿದಿತ್ತು. ಪಾದ್ರಿಯ ಎದುರೇ ಒಂದು ಗುಟುಕು ಗಟಕ್ಕನೆ ಕುಡಿದಳು.

"ಅಮ್ಮಾ!" ಕೊರೀನ್ ಕಿರುಚಿದಳು.

"ಬಾಯ್ಮುಚ್ಚೇ. ಇದು ಬರೀ ರಮ್ಮು. ನೋಡಿದವರಿಗೆ ಔಷಧಿ ಅನ್ನಿಸ್ಲಿ ಅಂತ ಎಲೆ ಹಾಕಿದ್ದು ನಾನೇ. ಡಾರ್ನ್ಲಿ, ಮೇಲೇಳು. ನಿನಗೇನೂ ಆಗಿಲ್ಲ."

ಡಾರ್ನ್ಲಿ ಅಂಕಲ್ ಒಂದು ಕಣ್ಣು ತೆರೆದು ಮೆಲ್ಲಗೆ ಎದ್ದು ಕೂತ. ಕೊರೀನ್ ತೆರೆದ ಬಾಯಿ ಮುಚ್ಚದೆ ಅತ್ತೆಯನ್ನು ನೋಡುತ್ತಿದ್ದಳು. ಸುಮ್ಮನೆ ಕೂತಿದ್ದರೆ ಅವಳ ಆಣೆಗೆ, ಮಾನಕ್ಕೆ ಕೂದಲೂ ಕೊಂಕುತ್ತಿರಲಿಲ್ಲ. ಬೈಗುಳವೆಲ್ಲ ಸೊಸೆಗೇ ಹೋಗುತ್ತಿತ್ತು.

"ಸಿಸ್ಟರ್ ವೆಲ್ಡಾ," ಪಾದ್ರಿ ಲೋಟ ಕೆಳಗಿಟ್ಟರು. "ಆ ಆಣೆ..."

"ಮುರಿದೆ ಪಾದ್ರಿಗಳೇ. ಸತ್ತವರ ಪಾಲು ಮೊದಲು ನೆಲಕ್ಕೆ ಅಂತ ನಮ್ಮಮ್ಮ ಕಲಿಸಿದ್ಲು. ದಿನಾ ಸಂಜೆ ಹಿತ್ತಲ ಮೆಟ್ಟಿಲ ಹತ್ರ ನನ್ನ ಗಂಡನಿಗೆ ಒಂದು ಹನಿ ಹಾಕ್ತಿದ್ದೆ. ಎಷ್ಟು ದಿನ ಅಂತ ಅವನೊಬ್ಬನೇ ಕುಡೀಲಿ?"

ಉಳಿದ ಗುಟುಕನ್ನು ಅವಳು ಬಗ್ಗಿ ನೆಲಕ್ಕೆ ಸುರಿದಳು. ಮೊಣಕಾಲು ಒಂಚೂರೂ ನೋಯುತ್ತಿದ್ದ ಹಾಗೆ ಕಾಣಲಿಲ್ಲ.

"ನಿಂಬೆ ಉಳಿದಿದ್ಯೇನೇ, ಕೊರೀನ್?" ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಬೋಗುಣಿ ತೊಳಿ. ನನ್ನ ಹಾಸಿಗೆ ಕೆಳಗೆ ಇನ್ನೆರಡು ಸೀಸೆ ಇವೆ."