ಹಸಿರು ತಂತಿ

ಬಟ್ಟೆ ಒಗೆಯುವ ಮಷೀನು ನಡುವೆಯೇ ನಿಂತುಬಿಟ್ಟಿತ್ತು. ಗಾಜಿನ ಬಾಗಿಲ ಹಿಂದೆ ಸೋಪಿನ ನೀರು ಅರ್ಧದವರೆಗೆ ನಿಂತಿತ್ತು, ಹಾಸಿಗೆಯ ಹೊದಿಕೆಗಳು ಅದರಲ್ಲಿ ಮುಳುಗಿದ್ದವು. ಡ್ರೈವರಣ್ಣ ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ಮಣೆ ಎಳೆದುಕೊಂಡು ಕೂತ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ದಾರಿಯಲ್ಲಿ ಕೆಟ್ಟು ನಿಂತ ಬಸ್ಸನ್ನು ಎಷ್ಟೋ ಸಲ ತಾನೇ ಸರಿಮಾಡಿ ಊರು ಮುಟ್ಟಿಸಿದ್ದ. ಅವನ ಮನೆಯ ಫ್ಯಾನಾಗಲಿ ಇಸ್ತ್ರಿಪೆಟ್ಟಿಗೆಯಾಗಲಿ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದ್ದೇ ಇಲ್ಲ.

"ರೀ, ಹುಷಾರು. ಅದರ ತಗಡು ಮುಟ್ಟಿದ್ರೆ ಬೆರಳು ಜುಮ್ ಅನ್ನುತ್ತೆ," ಎಂದಳು ಹೆಂಡತಿ.

"ಮಷೀನಿಗೇನೂ ಆಗಿಲ್ಲ ಮಾರಾಯ್ತಿ, ಅದು ನಿನ್ನ ನರದ ಜುಮ್ಮು. ಇವತ್ತು ಮಾತ್ರೆ ತಗೊಂಡ್ಯಾ?"

ಅವಳು ನಾಲ್ಕು ತಿಂಗಳಿಂದ ಮಾತ್ರೆ ನುಂಗುತ್ತಿದ್ದಳು. ರಕ್ತ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಡ್ರೈವರಣ್ಣ ಸುಳ್ಳು ಹೇಳುತ್ತಿರಲಿಲ್ಲ. ಅವಳು ಹೇಳಿದಾಗಲೆಲ್ಲ ತಾನೂ ತಗಡು ಮುಟ್ಟಿ ನೋಡಿದ್ದ. ಅವನಿಗೆ ಏನೂ ಅನ್ನಿಸಿರಲಿಲ್ಲ.

ಆದರೂ ಅವಳಿಗೆ ಮನಸ್ಸು ತಡೆಯಲಿಲ್ಲ. ಹಿತ್ತಲ ಗೋಡೆಯ ಬಳಿ ಹೋಗಿ ಪಕ್ಕದ ಮನೆಯವಳನ್ನು ಕೂಗಿ ಜುಮ್ಮಿನ ವಿಷಯ ಹೇಳಿದಳು. ಪಕ್ಕದ ಮನೆಯವಳು ಮನೆಗಳಿಗೆ ವೈರಿಂಗ್ ಮಾಡುವವಳು. ಗಂಡನಿಂದ ಕೆಲಸ ಕಲಿತಿದ್ದಳು. ಅವನು ಹೋದ ಮೇಲೆ ಅವನ ಚೀಲವನ್ನೇ ಹೆಗಲಿಗೆ ಹಾಕಿಕೊಂಡಿದ್ದಳು.

ಅವಳು ಬಂದಾಗ ಡ್ರೈವರಣ್ಣ ಮಷೀನಿನ ಹಿಂದೆ ಸರಿದು ತಗಡಿನ ಎರಡನೇ ತಿರುಪು ಬಿಚ್ಚುತ್ತಿದ್ದ.

"ಅಣ್ಣಾ, ಪ್ಲಗ್ ಕಿತ್ತಿದ್ದೀರಾ?"

"ಸ್ವಿಚ್ ಆಫ್ ಮಾಡಿದ್ದೀನಲ್ಲಮ್ಮ."

"ಕಿತ್ತಿದ್ದೀರಾ ಅಂತ ಕೇಳಿದೆ."

ಅವಳು ಹೊಸ್ತಿಲಲ್ಲೇ ನಿಂತಿದ್ದಳು. ದನಿ ಏರಿರಲಿಲ್ಲ.

"ಒಂದು ಮನೇಲಿ ಮಷೀನ್ ರಿಪೇರಿಗೆ ಹೋದಾಗ ನಮ್ಮನೆಯವರೂ ಸ್ವಿಚ್ ಆಫ್ ಮಾಡಿದ್ರು, ಅಣ್ಣಾ. ಆ ಮನೇಲಿ ಯಾರೋ ಹಿಂದೆ ತಂತಿ ಅದಲು ಬದಲು ಕೊಟ್ಟಿದ್ರು. ಸ್ವಿಚ್ ಆರಿಸಿದ್ರೂ ಮಷೀನೊಳಗೆ ಕರೆಂಟ್ ಹಾಗೇ ಇತ್ತು. ಇಪ್ಪತ್ತು ವರ್ಷದ ಕೈ ಅವರದ್ದು. ನಾನು ಊಟಕ್ಕೆ ತಟ್ಟೆ ಇಟ್ಟು ಕಾಯ್ತಾ ಇದ್ದೆ."

ಡ್ರೈವರಣ್ಣ ಅವತ್ತು ಹೆಣಕ್ಕೆ ಹೆಗಲು ಕೊಟ್ಟಿದ್ದ. ಹಣೆಬರಹ ಅಂದುಕೊಂಡು ಮನೆಗೆ ಬಂದಿದ್ದ. ಈಗ ಸ್ಕ್ರೂಡ್ರೈವರನ್ನು ಮೆಲ್ಲಗೆ ನೆಲಕ್ಕಿಟ್ಟ.

"ಅಕ್ಕಾ, ನಿಮಗೆ ಜುಮ್ ಅನ್ನೋದು ಯಾವಾಗ?" ಎಂದು ಪಕ್ಕದ ಮನೆಯವಳು ಕೇಳಿದಳು.

"ಬಟ್ಟೆ ತೆಗೆಯೋವಾಗ. ಕಾಲು ಒದ್ದೆ ಇದ್ರೆ ಜಾಸ್ತಿ. ತಂಗಿ ಮನೇಲಿ ಹದಿನೈದು ದಿನ ಇದ್ದೆ ನೋಡು, ಒಂದಿನಾನೂ ಆಗ್ಲಿಲ್ಲ."

ಪಕ್ಕದ ಮನೆಯವಳು ಸ್ವಿಚ್ ಹಾಕಿ, ಮಷೀನಿನ ಬಣ್ಣ ಕಿತ್ತುಹೋದ ಮೂಲೆಗೆ ಟೆಸ್ಟರ್ ಮುಟ್ಟಿಸಿದಳು. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿತು.

"ನಾನು ಮುಟ್ಟಿದಾಗ ಏನೂ ಆಗ್ಲಿಲ್ಲವಲ್ಲ?" ಎಂದ ಡ್ರೈವರಣ್ಣ.

"ನಿಮ್ಮ ಕಾಲಲ್ಲಿ ರಬ್ಬರ್ ಚಪ್ಪಲಿ ಇದೆ ಅಣ್ಣಾ. ಅಕ್ಕನದು ಬರಿಗಾಲು."

ಸ್ವಿಚ್ ಆರಿಸಿ, ಒಣ ಕೈಯಿಂದ ಪ್ಲಗ್ ಕಿತ್ತು, ಅದರ ಮುಚ್ಚಳ ಬಿಚ್ಚಿದಳು. ಎರಡು ತಂತಿ ಎರಡು ಕಡ್ಡಿಗೆ ಸೇರಿದ್ದವು. ಮೂರನೆಯದು, ಹಸಿರು ತಂತಿ, ಹಿಂದಕ್ಕೆ ಮಡಚಿಕೊಂಡು ಕಪ್ಪು ಟೇಪಿನಲ್ಲಿ ಸುತ್ತಿಕೊಂಡಿತ್ತು.

"ಇದನ್ನ ಯಾರು ಮಾಡಿದ್ದು?"

"ನಾನೇ," ಎಂದ ಡ್ರೈವರಣ್ಣ. "ದೊಡ್ಡ ಪ್ಲಗ್ ಈ ಬೋರ್ಡಿಗೆ ಹಿಡೀಲಿಲ್ಲ. ಎರಡು ಕಡ್ಡೀದು ಹಾಕಿದೆ. ಆಮೇಲೂ ಮಷೀನು ಚೆನ್ನಾಗೇ ಓಡ್ತಲ್ಲ!"

"ಓಡುತ್ತೆ. ಒಳಗೆಲ್ಲಾದ್ರೂ ಕರೆಂಟ್ ಸೋರಿದ್ರೆ ಅದನ್ನ ನೆಲಕ್ಕೆ ಒಯ್ಯೋದು ಈ ತಂತಿ. ಇದಿಲ್ಲ ಅಂದ್ರೆ ಕರೆಂಟ್ ಬೇರೆ ದಾರಿ ಹುಡುಕುತ್ತೆ. ಇಷ್ಟು ದಿನ ಆ ದಾರಿ ನಮ್ಮ ಅಕ್ಕ."

ಪ್ಲಗ್ ಬದಲಿಸಿದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಡ್ರೈವರಣ್ಣ ತಾನೇ ಲೆಕ್ಕ ಹಾಕಿದ. ನಾಲ್ಕು ತಿಂಗಳು. ಹೆಂಡತಿಯ ಬಲಗೈಯನ್ನು ಹಿಡಿದು ಒಂದೊಂದೇ ಬೆರಳು ನೋಡಿದ.

"ನೀನು ಹೇಳ್ತಾನೇ ಇದ್ದೆ."

"ಹ್ಞೂಂ. ಹೇಳ್ತಾನೇ ಇದ್ದೆ," ಎಂದಳು ಅವಳು. ಅವನಿಗೆ ಅಷ್ಟೇ ಸಾಕಾಯಿತು.

ನೀರು ಹೋಗದೇ ಇದ್ದುದಕ್ಕೆ ಕಾರಣ ಬಹಳ ಚಿಕ್ಕದು. ಪ್ಲಗ್ ಕಿತ್ತೇ ಇತ್ತು, ನೀರೂ ತಣ್ಣಗಾಗಿತ್ತು. ಕೆಳಗಿನ ಪುಟ್ಟ ಮುಚ್ಚಳ ತಿರುಗಿಸಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಅಗಲದ ತಟ್ಟೆಗೆ ಇಳಿಸಿ ಚೆಲ್ಲಿದರು. ಮುಚ್ಚಳದ ಹಿಂದೆ ಕಸ ಹಿಡಿಯುವ ಜಾಲರಿಯಲ್ಲಿ ಒಂದು ಕೋಟಿನ ಗುಂಡಿ, ಒಂದು ಮುದ್ದೆ ಕೂದಲು. "ಇದನ್ನ ನೀವೇ ತೆಗೀಬಹುದು ಅಣ್ಣಾ," ಎಂದಳು ಪಕ್ಕದ ಮನೆಯವಳು. "ಹಿಂದಿನ ತಗಡು ಮಾತ್ರ ಬಿಚ್ಚಬೇಡಿ. ಸೋರಿಕೆ ಎಲ್ಲಿದೆ ಅಂತ ಮೆಕ್ಯಾನಿಕ್ ನೋಡ್ಲಿ. ಅಲ್ಲೀವರೆಗೂ ಮಷೀನ್ ಹಾಕಬೇಡಿ."

ಮರುದಿನ ಬಂದ ಮೆಕ್ಯಾನಿಕ್ ಮೋಟಾರಿನ ಬಳಿ ಸವೆದ ತಂತಿಯನ್ನು ಬದಲಿಸಿದ. ಪಕ್ಕದ ಮನೆಯವಳು ಹಸಿರು ತಂತಿಯನ್ನು ಮೂರು ಕಡ್ಡಿಯ ಪ್ಲಗ್ಗಿಗೆ ಸೇರಿಸಿ, ನೆಲಕ್ಕೆ ತಂತಿ ಎಳೆದ, ಅಂದರೆ ಅರ್ಥಿಂಗ್ ಇರುವ ಮೂರು ತೂತಿನ ಸಾಕೆಟ್ ಕೂರಿಸಿದಳು. ಕರೆಂಟ್ ಸೋರಿದ ಕೂಡಲೇ ತಾನಾಗಿಯೇ ಆಫ್ ಆಗುವ ಸ್ವಿಚ್ಚನ್ನು ಮೀಟರಿನ ಪಕ್ಕ ಹಾಕಿದಳು. ಡ್ರೈವರಣ್ಣ ಅವಳನ್ನು ಅಷ್ಟಕ್ಕೇ ಬಿಡಲಿಲ್ಲ. ಮನೆಯ ಪ್ರತಿಯೊಂದು ಪ್ಲಗ್ಗನ್ನೂ ಬಿಚ್ಚಿಸಿ ತೋರಿಸಿಕೊಂಡ. ಹೆಂಡತಿಯ ಬೆರಳು ಮತ್ತೆ ಜುಮ್ ಅನ್ನಲಿಲ್ಲ. ಡಾಕ್ಟರನ್ನು ಕೇಳಿ ಮಾತ್ರೆ ನಿಲ್ಲಿಸಿದರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಇವತ್ತೇ ನಿಮ್ಮ ಮನೆಯ ಮಷೀನಿನ ಪ್ಲಗ್ ನೋಡಿ. ಮೂರು ಕಡ್ಡಿ ಇಲ್ಲದಿದ್ದರೆ ಅದನ್ನು ಹಾಕಬೇಡಿ. ಮೂರಿದ್ದರೂ ಸಾಕೆಟ್ಟಿನ ಅರ್ಥಿಂಗ್ ಸರಿಯಿದೆಯೇ ಎಂದು ಕೆಲಸ ಬಲ್ಲವರಿಂದ ನೋಡಿಸಿ. ಜಾಲರಿ ತೊಳೆಯುವುದಾದರೂ ಮೊದಲು ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಮನೆಯಲ್ಲಿ ಯಾರೇ "ಜುಮ್ ಅಂತು" ಎಂದರೂ ಮುಟ್ಟಿ ಪರೀಕ್ಷಿಸಲು ಹೋಗಬೇಡಿ, ನಗಲೂಬೇಡಿ. ಮೊದಲು ಹೋಗಿ ಮೈನ್ ಆಫ್ ಮಾಡಿ.