ಎರಡನೆಯ ಆಮೆನ್

ಭಾನುವಾರ ಬೆಳಿಗ್ಗೆ ನಾನೂ ಅಣ್ಣನೂ ಬಾಗಿಲ ಬಳಿ ಹಳೆಯ ಪೇಪರ್ ಹಾಸಿಕೊಂಡು ಮನೆಯವರ ಶೂಗಳಿಗೆಲ್ಲ ಪಾಲಿಶ್ ಹಾಕುತ್ತಿದ್ದೆವು. ಅವನು ಬ್ರಷ್ಷಿನಿಂದ ಧೂಳು ಕೊಡವಿ ನನ್ನ ಕಡೆ ಸರಿಸುತ್ತಿದ್ದ. ನಾನು ಪಾಲಿಶ್ ಸವರಿ, ಉಜ್ಜಿ, ಸಾಲಾಗಿ ಇಡುತ್ತಿದ್ದೆ. ಮೊದಲು ಅಮ್ಮನ ಶೂ, ಆಮೇಲೆ ಉಳಿದವರದು. ಅದು ಅಪ್ಪ ಹಾಕಿಕೊಟ್ಟ ಕ್ರಮ. ಮೂವತ್ತೆರಡು ವರ್ಷ ಅಪ್ಪ ಪ್ರತಿ ಭಾನುವಾರ ಅಮ್ಮನ ಶೂಗೆ ಮೊದಲು ಪಾಲಿಶ್ ಹಾಕಿ, ಮೊಣಕಾಲೂರಿ ಅವಳಿಗೆ ತೊಡಿಸಿ, ಲೇಸು ಕಟ್ಟಿ, "ಇನ್ನು ರಾಣಿಯವರು ಚರ್ಚಿಗೆ ಹೊರಡಬಹುದು" ಎನ್ನುತ್ತಿದ್ದ. "ಸಾಕು ಏಳಿ, ನೋಡಿದವರು ನಗ್ತಾರೆ" ಎಂದು ಅಮ್ಮ ಪ್ರತಿ ವಾರವೂ ಬೈಯುತ್ತಿದ್ದಳು. ಕಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ.

ಅಪ್ಪ ತೀರಿಹೋಗಿ ಐದು ವಾರವಾಗಿತ್ತು. ಅವನ ಶೂ ರಿಪೇರಿ ಅಂಗಡಿಯ ಕೀಲಿ ಅಣ್ಣನ ಅಂಗಿಯ ಜೇಬಿನಲ್ಲಿತ್ತು. ಬಸ್ಸು ಓಡಿಸುವ ಅಣ್ಣನಿಗೆ ಅಂಗಡಿ ನಡೆಸುವುದು ಆಗದ ಮಾತು. ಮರುದಿನ ಬೆಳಿಗ್ಗೆ ಕಟ್ಟಡದ ಯಜಮಾನರಿಗೆ ಕೀಲಿ ಒಪ್ಪಿಸಿ ಬರುವುದೆಂದು ತೀರ್ಮಾನವಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ನಾನು ನೆಲ ನೋಡುತ್ತಿದ್ದೆ, ಅದು ಅವರಿಗೂ ಗೊತ್ತು.

ನನಗೆ ಆ ಕೀಲಿ ಬೇಕಿತ್ತು. ಮೂರು ಜೊತೆ ಶೂ ಮುಗಿಯುವಷ್ಟರಲ್ಲಿ ಮೂರು ಸಲ ಬಾಯಿ ತೆರೆದೆ, ಮೂರು ಸಲ ಮುಚ್ಚಿದೆ.

"ಯಾಕೆ, ಆಕಳಿಕೆನಾ? ರಾತ್ರಿ ನಿದ್ದೆ ಬರ್ಲಿಲ್ವಾ?" ಎಂದ ಅಣ್ಣ.

ನಾನು ಹೌದೆಂದು ತಲೆಯಾಡಿಸಿದೆ.

ಶಾಲೆಯಲ್ಲೂ ಹೀಗೇ. ಎದ್ದು ನಿಂತು ಪಾಠ ಓದು ಎಂದರೆ ಪುಸ್ತಕದಿಂದ ಮುಖ ಮುಚ್ಚಿಕೊಂಡು ಕುಳಿತೇ ಇರುತ್ತಿದ್ದೆ. ಎಂಟನೆಯ ತರಗತಿಯಲ್ಲಿ ಒಂದು ದಿನ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಅಪ್ಪ ಬೈಯಲಿಲ್ಲ. "ಅಂಗಡಿಗೆ ಬಾ ಮಗಳೇ. ಶೂ ಯಾರನ್ನೂ ಪ್ರಶ್ನೆ ಕೇಳಲ್ಲ" ಎಂದ. ಅಂಗಡಿಯ ಹಿಂಭಾಗದಲ್ಲಿ ಪರದೆ ಕಟ್ಟಿ ನನಗೊಂದು ಸ್ಟೂಲು ಹಾಕಿಕೊಟ್ಟ. ಏಳು ವರ್ಷ ಅಲ್ಲೇ ಕುಳಿತು ಶೂಗಳ ಅಡಿಯ ಅಟ್ಟೆ ಹೊಲಿದೆ, ಹಿಮ್ಮಡಿ ಬಡಿದೆ. ಪರದೆಯಾಚೆ ಅಪ್ಪ ಪ್ರತಿ ಗಿರಾಕಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ಮನೇಲಿ ಎಲ್ಲ ಹೇಗಿದ್ದಾರೆ?" ಶೂ ಬಿಚ್ಚಿಕೊಟ್ಟು ಬರಿಗಾಲಲ್ಲಿ ನಿಂತ ಮನುಷ್ಯ ಸುಳ್ಳು ಹೇಳುವುದು ಕಡಿಮೆ. ಎಲ್ಲರೂ ಹೇಳಿಕೊಳ್ಳುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ.

ಹಾಗೆ ಕೇಳಿದ್ದನ್ನೆಲ್ಲ ಅಪ್ಪ ಮಧ್ಯಾಹ್ನ ಮನೆಗೆ ಬಂದು ಊಟದ ಮುಂಚಿನ ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸುತ್ತಿದ್ದ. ಅಂಗಡಿಯಲ್ಲಿ ಯಾರ ಶೂ ಇದೆಯೋ ಅವರೆಲ್ಲರಿಗೂ ಪ್ರಾರ್ಥನೆ. ಆಮೆನ್ ಎಂದ ಮೇಲೆ ಯಾರೋ ಬಿಟ್ಟುಹೋದದ್ದು ನೆನಪಾಗುತ್ತಿತ್ತು. "ಕ್ಷಮಿಸು ಸ್ವಾಮಿ, ಇನ್ನೊಬ್ಬರಿದ್ದಾರೆ" ಎಂದು ಮತ್ತೆ ಶುರು. ಅಣ್ಣ ಚಿಕ್ಕವನಿದ್ದಾಗ ಮೊದಲ ಆಮೆನ್ ನಂಬಿ ತಟ್ಟೆಗೆ ಕೈಹಾಕಿ ಸಿಕ್ಕಿಬಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಎರಡನೆಯ ಆಮೆನ್ ಆಗುವ ತನಕ ಯಾರೂ ಕಣ್ಣು ತೆರೆಯುವುದಿಲ್ಲ. ಚರ್ಚಿನಲ್ಲಿ ಅಪ್ಪನಿಗೆ 'ಎರಡಾಮೆನ್' ಎಂದೇ ಹೆಸರು.

ಆ ಭಾನುವಾರ ಆರಾಧನೆ ಮುಗಿಸಿ ಪಾಸ್ಟರ್ ನಮ್ಮ ಜೊತೆ ಊಟಕ್ಕೆ ಬಂದರು. ಅಮ್ಮ ಕೋಳಿ ಬೇಯಿಸಿದ್ದಳು. ಅತ್ತಿಗೆ ಪಾತ್ರೆಗಳನ್ನು ತಂದು ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ ಎಲ್ಲಕ್ಕೂ ಮುಚ್ಚಳ ಮುಚ್ಚಿದಳು.

"ಅವರು ಯಾವಾಗ್ಲೂ ಕೊನೇ ಬೆಂಚು" ಎಂದು ಪಾಸ್ಟರ್ ಅಪ್ಪನ ನೆನಪು ತೆಗೆದರು. "ಅದು ವಿನಯ ಅಂತ ನಾನು ತಿಳ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಎಲ್ಲರೂ ಮೊಣಕಾಲೂರಿದಾಗ ಅಟ್ಟೆ ಕಾಣೋದು ಅಲ್ಲಿಂದ ಮಾತ್ರ. ಒಂದ್ಸಲ ನಾನು ಬಲಿಪೀಠದ ಕಡೆ ತಿರುಗಿ ಮೊಣಕಾಲೂರಿ ಕಣ್ಣೀರು ಹಾಕಿ ಪ್ರಾರ್ಥನೆ ಮಾಡಿದೀನಿ. ಮುಗಿದ ಮೇಲೆ ಇವರು ಹತ್ರ ಬಂದು ಕಿವೀಲಿ ಹೇಳ್ತಾರೆ, 'ಒಳ್ಳೇ ಪ್ರಾರ್ಥನೆ ಪಾಸ್ಟರ್. ಎಡಗಾಲಿಂದು ತೂತಾಗಿದೆ, ಸೋಮವಾರ ತಂದುಕೊಡಿ.'"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಹೇಳ್ತೀನಿ ಕೇಳಿ, ಅವರು ಪ್ರಾರ್ಥನೆ ಶುರು ಮಾಡಿದ ಮೇಲೆ ನಾನು ಮೆಲ್ಲಗೆ ಎದ್ದು ಹೋಗಿ ಒಲೆ ಮೇಲೆ ಮೊಟ್ಟೆ ಇಟ್ಟು ಬರ್ತಿದ್ದೆ. ಎರಡನೇ ಆಮೆನ್‌ಗೆ ಸರಿಯಾಗಿ ಬೆಂದಿರ್ತಿತ್ತು. ಪಾಪ, ಕೊನೇವರೆಗೂ ಅವರಿಗೆ ಗೊತ್ತಾಗ್ಲಿಲ್ಲ."

"ಗೊತ್ತಿತ್ತಮ್ಮ" ಎಂದ ಅಣ್ಣ. "ಮೊಟ್ಟೆ ಬೇಯಲಿ ಅಂತಾನೇ ಕೆಲವು ದಿನ ಎಳೀತಿದ್ರು. ನನ್ ಹತ್ರ ಹೇಳಿದ್ರು."

ಅಮ್ಮ ನೀರಿನ ಲೋಟಗಳನ್ನು ಸುಮ್ಮನೆ ಆಚೆ ಈಚೆ ಸರಿಸಿದಳು.

"ಅಂಗಡಿ ಏನ್ ಮಾಡ್ತೀರಿ?" ಎಂದು ಪಾಸ್ಟರ್ ಕೇಳಿದರು.

ನಾನು ಅಣ್ಣನ ಜೇಬಿನ ಕಡೆ ನೋಡಿದೆ.

"ನಾಳೆ ಕೀಲಿ ಕೊಟ್ಬಿಡ್ತೀನಿ ಪಾಸ್ಟರ್" ಎಂದ ಅಣ್ಣ. "ಕೆಲಸ ಇವಳಿಗೆ ಬರುತ್ತೆ, ಅಪ್ಪನಿಗಿಂತ ಚೆನ್ನಾಗೇ ಬರುತ್ತೆ. ಆದ್ರೆ ಬಾಯಲ್ಲಿ ಬೆರಳಿಟ್ರೂ ಕಚ್ಚೋಕೆ ಬರಲ್ಲ. ಗಿರಾಕಿ ಹತ್ರ ಮಾತಾಡೋರ್ಯಾರು? ಇವಳಿಗೂ ಅದು ಬೇಡ. ಬೇಕಿದ್ರೆ ಹೇಳ್ತಿರ್ಲಿಲ್ವಾ?"

ಅವನು ತಪ್ಪು ಹೇಳಲಿಲ್ಲ. ಬೇಕಿದ್ದವರು ಹೇಳುತ್ತಾರೆ. ಮೇಜಿನ ಸುತ್ತಲಿನ ನಾಲ್ಕೂ ಮುಖಗಳು ನನ್ನ ಕಡೆ ತಿರುಗಿದವು. ನಾನು ಮೇಜಿನ ಬಟ್ಟೆಯ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡೆ.

"ಊಟ ಆರುತ್ತೆ" ಎಂದಳು ಅಮ್ಮ.

ಪಾಸ್ಟರ್ ಕೈಜೋಡಿಸಿದರು. ಅಮ್ಮ ಅವರನ್ನು ತಡೆದಳು.

"ನೀವು ಮಾಡಿದ್ರೆ ಚೆನ್ನಾಗೇ ಇರುತ್ತೆ ಪಾಸ್ಟರ್. ಆದ್ರೆ ಅಂಗಡೀಲಿ ಯಾರ್ಯಾರ ಶೂ ಇದೆ ಅಂತ ನಿಮಗೆ ಗೊತ್ತಿಲ್ಲ. ಐದು ವಾರದಿಂದ ಆ ಜನಕ್ಕೆ ಯಾರೂ ಪ್ರಾರ್ಥನೆ ಮಾಡಿಲ್ಲ." ನನ್ನ ಕಡೆ ತಿರುಗಿದಳು. "ಮಗಳೇ, ನೀನು ಮಾಡು."

"ಅಮ್ಮಾ, ಇವತ್ತೇ ಊಟ ಮಾಡೋ ಯೋಚನೆ ಇದ್ಯಾ?" ಎಂದ ಅಣ್ಣ. ಅತ್ತಿಗೆ ಅವನ ತೊಡೆ ಚಿವುಟಿದಳು.

ನಾನು ಒಲ್ಲೆ ಎನ್ನುವವಳಿದ್ದೆ. ಅಷ್ಟರಲ್ಲಿ ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿಬಿಟ್ಟರು. ಅಪ್ಪ ಒಮ್ಮೆ ಅಟ್ಟೆಗೆ ಮೇಣದ ದಾರ ಎಳೆಯುತ್ತ ಹೇಳಿದ್ದು ನೆನಪಾಯಿತು: "ನೀನೊಂದು ದಿನ ಪ್ರಾರ್ಥನೆ ಮಾಡಿ ನೋಡು. ಮಾತಾಡೋಕೆ ಅಷ್ಟು ಸುಲಭವಾದ ಜಾಗ ಇನ್ನೊಂದಿಲ್ಲ. ಎಲ್ಲರ ಕಣ್ಣೂ ಮುಚ್ಚಿರುತ್ತೆ."

"ತಂದೆಯೇ, ಈ ಊಟಕ್ಕೆ ಸ್ತೋತ್ರ" ಎಂದೆ. ದನಿ ಪಿಸುಮಾತಿನಷ್ಟೇ ಇತ್ತು. ಆದರೂ ಬಂತು.

"ನರ್ಸಮ್ಮನ ಬಿಳಿ ಶೂ ನಮ್ಮ ಹತ್ತಿರ ಇದೆ. ಬಲಗಡೆಯ ಹಿಮ್ಮಡಿ ಮಾತ್ರ ಸವೆದಿದೆ. ಅವರಿಗೆ ಸೊಂಟ ನೋವು, ಆಸ್ಪತ್ರೆಯಲ್ಲೇ ಇದ್ದುಕೊಂಡು ಡಾಕ್ಟರಿಗೆ ತೋರಿಸಿಲ್ಲ. ಸ್ವಲ್ಪ ಬುದ್ಧಿ ಕೊಡು. ಅಂಚೆಯವರ ಬೂಟು ಅರ್ಧ ಹೊಲಿದಿದೆ. ಅಪ್ಪನ ದಬ್ಬಳ ಅದರಲ್ಲೇ ಇದೆ. ಅವರನ್ನು ಹಸಿರು ಗೇಟಿನ ಮನೆಯ ನಾಯಿಯಿಂದ ಕಾಪಾಡು. ಸಂಗೀತದ ಟೀಚರು ಐವತ್ತೊಂದನೇ ವಯಸ್ಸಿಗೆ ಮದುವೆಯಾಗುತ್ತಿದ್ದಾರೆ. ಅವರ ಕೆಂಪು ಶೂ ಶನಿವಾರಕ್ಕೆ ಬೇಕು. ಅವರಿಗೆ ಧೈರ್ಯ ಕೊಡು, ಮದುಮಗನಿಗೂ ಕೊಡು."

ಯಾರೋ ಮೂಗಿನಲ್ಲಿ ನಕ್ಕರು. ಪಾಸ್ಟರೇ ಇರಬೇಕು. ನಾನು ನಿಲ್ಲಿಸಲಿಲ್ಲ. ಅಂಗಡಿಯಲ್ಲಿದ್ದ ಹನ್ನೊಂದು ಜೊತೆಯನ್ನೂ ಹೇಳಿದೆ.

"ಅಪ್ಪ ನಿನ್ನ ಹತ್ತಿರ ಇದ್ದಾನೆ. ಊರಿನವರ ಶೂ ಎಲ್ಲ ಹೊಲಿದ, ತನ್ನದು ಮಾತ್ರ ಹರಿದೇ ಇತ್ತು. ಅವನ ಕಾಲಿಗೆ ಏನಾದರೂ ಒಳ್ಳೆಯದು ಕೊಡು. ಆಮೆನ್."

ಕಣ್ಣು ತೆರೆದೆ. ಬೇರೆ ಯಾರೂ ತೆರೆದಿರಲಿಲ್ಲ. ಅಮ್ಮನ ಕೆನ್ನೆ ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಪಾಸ್ಟರ್ ಕೂಡ ಈ ಮನೆಯ ಪದ್ಧತಿ ಬಲ್ಲವರು, ಕಣ್ಣನ್ನು ಬಿಗಿಯಾಗಿ ಮುಚ್ಚಿಯೇ ಇದ್ದರು. ಅಣ್ಣ ತಲೆ ತಗ್ಗಿಸಿ ಕುಳಿತಿದ್ದ. ಅಂಗಿಯ ಜೇಬಿನಲ್ಲಿ ಕೀಲಿಯ ಆಕಾರ ಕಾಣುತ್ತಿತ್ತು. ಮುಚ್ಚಳದ ಸಂದಿಯಿಂದ ಹಬೆ ಏಳುತ್ತಿತ್ತು.

ಒಂದು ಕಣ್ಣೂ ನನ್ನ ಮೇಲಿರಲಿಲ್ಲ.

"ಅಣ್ಣ" ಎಂದೆ, "ಅಂಗಡಿ ಕೀಲಿ ನನಗೆ ಕೊಡು."

ಎಲ್ಲರೂ ಎರಡನೆಯ ಆಮೆನ್‌ಗೆ ಕಾಯುತ್ತಿದ್ದರು.