ನಲವತ್ತು ಸೆಕೆಂಡಿನ ನೆರೆಹೊರೆ

ಆವತ್ತು ಬೆಳಿಗ್ಗೆ ನಾರಿನ್ ಪಟ್ಟಣದಲ್ಲಿ ಹಿಮ ಬೀಳುತ್ತಿರಲಿಲ್ಲ. ಬಿದ್ದ ಹಿಮವನ್ನೇ ಗಾಳಿ ಎತ್ತಿ ಎತ್ತಿ ಎರಚುತ್ತಿತ್ತು. ಬಿಸಿಲೂ ಇತ್ತು, ಬೂದಿ ಮುಚ್ಚಿದ ಕೆಂಡದ ಹಾಗೆ ಇದ್ದೂ ಇಲ್ಲದ್ದು. ಬುರ್ಮಕನ್ ಅದರ ನಡುವೆಯೇ ನಡೆದು ಕಚೇರಿಗೆ ಬಂದಳು. ಗಂಡ ತೀರಿಕೊಂಡು ನಲವತ್ತೊಂದನೆಯ ದಿನ. ಹಿಂದಿನ ದಿನ ನಲವತ್ತರ ಊಟಕ್ಕೆ ಕುದುರೆ ಕೊಯ್ದು, ನೆಂಟರಿಗೆಲ್ಲ ಉಣಬಡಿಸಿ, ಅಂಗೈಯಿಂದ ಮುಖ ಸವರಿ ‘ಓಮಿನ್’ ಎಂದು ಪ್ರಾರ್ಥನೆ ಮುಗಿಸಿಯಾಗಿತ್ತು. ಬಂದವರೆಲ್ಲ ಅತ್ತಿದ್ದರು. ಅವಳಿಗೆ ಮಾತ್ರ ಅಳು ಬಂದಿರಲಿಲ್ಲ. ಕೊಟ್ಟ ಕಣ್ಣೀರನ್ನು ದೇವರೇ ಎಲ್ಲೋ ಎತ್ತಿಟ್ಟುಬಿಟ್ಟಿದ್ದ.

“ಬಂದ್ರಾ ಎಜೆ?” ಎಂದ ಮೆದೆತ್. ಎರಡು ಮಕ್ಕಳ ತಂದೆಯಾದರೂ ಅವಳನ್ನು ಅಕ್ಕ ಎಂದೇ ಕರೆಯುವವನು. “ನಿಮ್ ಕುರ್ಚಿ ಕಾದೂ ಕಾದೂ ನನ್ ಬೆನ್ನು ಗೂನಾಯ್ತು. ಮೊದ್ಲು ಟೀ ಕುಡೀರಿ.”

ಬೆಟ್ಟದಾಚೆಯ ಹಳ್ಳಿಗಳಿಗೆ ಫೋನು, ಇಂಟರ್ನೆಟ್ಟು ಮುಟ್ಟಿಸುವ ಕಚೇರಿ ಅದು. ಊರಿಗೊಂದು ರೌಟರ್. ನೆರೆಯ ರೌಟರುಗಳು ಹತ್ತು ಸೆಕೆಂಡಿಗೊಮ್ಮೆ ಒಂದಕ್ಕೊಂದು ಸಲಾಮು ಹೇಳುತ್ತವೆ. ನಲವತ್ತು ಸೆಕೆಂಡು ಸಲಾಮು ಕೇಳಿಸದಿದ್ದರೆ ನೆರೆಯವನು ಸತ್ತ ಎಂದೇ ಲೆಕ್ಕ. ಅವನ ಮನೆಗೆ ಹೋಗುವ ದಾರಿಯನ್ನೆಲ್ಲ ಅಳಿಸಿಬಿಡುತ್ತವೆ. ಕಾರಾ-ಬುಲುನ್ ಹಳ್ಳಿಗೆ ಇದ್ದದ್ದೂ ಒಂದೇ ದಾರಿ.

ಆ ಹಳ್ಳಿಯ ರೌಟರು ಮನೆಮನೆಯ ಕಡೆಗೂ ಸಲಾಮು ಹೇಳುತ್ತಿತ್ತು. ಕಳ್ಳರು ಅದಕ್ಕೆ ಉತ್ತರ ಕೊಟ್ಟು ಒಳಗೆ ನುಸುಳಬಾರದೆಂದು ಸಲಾಮು ಹೊರಡುವ ಅದರ ಬಾಯಿಗಳನ್ನು ಬುರ್ಮಕನ್ ಆವತ್ತು ಮುಚ್ಚಬೇಕಿತ್ತು; ಪಟ್ಟಣದ ಕಡೆಯ ಒಂದು ಬಾಯಿ ಮಾತ್ರ ತೆರೆದಿರಬೇಕು. ಬುರ್ಮಕನ್‌ಳ ಪಾಸ್‌ವರ್ಡಿನ ಅವಧಿ ರಜೆಯಲ್ಲಿದ್ದಾಗ ಮುಗಿದುಹೋಗಿತ್ತು.

“ನನ್ ಹೆಸರಲ್ಲೇ ಮಾಡಿ ಎಜೆ. ಹೊಸದು ಕೇಳಿದ್ರೆ ರಾಜಧಾನಿಯವ್ರು ವಾರಗಟ್ಲೆ ಮಲಗ್ತಾರೆ,” ಎಂದು ಮೆದೆತ್ ತನ್ನ ಪಾಸ್‌ವರ್ಡು ಹಾಕಿ ತೆರೆದುಕೊಟ್ಟು ಉಗ್ರಾಣಕ್ಕೆ ಹೋದ.

ದೂರದ ರೌಟರನ್ನು ಮುಟ್ಟುವ ಮೊದಲು ಅದಕ್ಕೊಂದು ಮಾತು ಹೇಳಿಡುವುದು ಆ ಕಸುಬಿನ ರೂಢಿ: ‘ಹತ್ತು ನಿಮಿಷದೊಳಗೆ ನಾನು ಬೇಡ ಅನ್ನದಿದ್ದರೆ ನೀನೇ ಆರಿ ಮತ್ತೆ ಹೊತ್ತಿಕೋ.’ ಆಗ ತಪ್ಪಾದರೂ ಹಳೆಯ ವ್ಯವಸ್ಥೆ ತಾನಾಗಿ ಮರಳುತ್ತದೆ. ಬಿಸ್ಮಿಲ್ಲಾ ಹೇಳದೆ ರೊಟ್ಟಿ ಮುರಿಯಬಾರದು, ಇದನ್ನು ಹೇಳದೆ ರೌಟರು ಮುಟ್ಟಬಾರದು ಎಂದು ಮೆದೆತ್‌ಗೆ ಕಲಿಸಿದ್ದವಳೂ ಅವಳೇ. ಆ ದಿನ ಹೇಳಲಿಲ್ಲ. ಎಲ್ಲ ಬಾಯಿ ಮುಚ್ಚು ಎಂಬ ಸಾಲನ್ನು ಬರೆದಳು, ಒಂದು ಬಾಯಿ ತೆರೆ ಎಂಬ ಸಾಲನ್ನು ಜೊತೆಗೆ ಸೇರಿಸದೆಯೇ ಕೀಲಿ ಒತ್ತಿದಳು.

ಪರದೆ ನಿಂತಿತು. ಅವಳು ಎಣಿಸುತ್ತ ಕೂತಳು. ನಲವತ್ತಕ್ಕೆ ಪಕ್ಕದ ಪರದೆಯ ನಕ್ಷೆಯಲ್ಲಿ ಕಾರಾ-ಬುಲುನ್ ಕೆಂಪಾಯಿತು. ಸತ್ತಿತು, ಎಂದುಕೊಂಡಳು. ಎದೆಯಲ್ಲಿ ಏನೂ ಅಲುಗಲಿಲ್ಲ.

ಇನ್ನು ಇಲ್ಲಿಂದ ಅದನ್ನು ಮುಟ್ಟುವಂತಿಲ್ಲ. ಯಾರಾದರೂ ಘಾಟಿ ದಾಟಿ ಹೋಗಿ ಅದಕ್ಕೇ ತಂತಿ ಚುಚ್ಚಿ ಸರಿಪಡಿಸಬೇಕು.

ಮುಖ್ಯಸ್ಥ ಕಾದಿರಾಲಿ ಬಾಗಿಲಲ್ಲೇ ಕೂಗಿದ: “ಮೆದೆತ್! ನಿನ್ ಹೆಸರೇ ತೋರಿಸ್ತಿದೆಯಲ್ಲೋ. ಅದೇನು ಕೈಯೋ, ಕುದುರೆ ಗೊರಸೋ? ತಪ್ಪೊಪ್ಪಿಗೆ ಬರಿ. ಹೋದ್ವರ್ಷದ್ದೊಂದು ಫೈಲಲ್ಲೇ ಇದೆ. ಎರಡಾದ್ರೆ ಗೊತ್ತಲ್ಲ, ಮನೇಲಿ ಕೂತು ಕುರಿ ಎಣಿಸು.”

ಉಗ್ರಾಣದಿಂದ ಬಂದ ಮೆದೆತ್ ಪರದೆ ನೋಡಿದ, ಬುರ್ಮಕನ್‌ಳ ಕಪ್ಪು ತಲೆವಸ್ತ್ರ ನೋಡಿದ.

“ಬರೀತೀನಿ ಬೈಕೆ,” ಎಂದ, ಮುಖ್ಯಸ್ಥನನ್ನು ಎಂದಿನಂತೆ ಅಣ್ಣ ಎಂದೇ ಕರೆದು. “ಕುರಿಗಳಾದ್ರೂ ಕೂಗಾಡಲ್ಲ.”

ಅವಳು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತಳು. ಅವನು ನಾಲ್ಕು ಸಾಲು ಗೀಚಿ ಮುಖ್ಯಸ್ಥನ ಮೇಜಿನ ಮೇಲಿಟ್ಟು, ತಂತಿ, ಲ್ಯಾಪ್‌ಟಾಪು ಹಿಡಿದು, ಹಳೆಯ ಜೀಪು ಹತ್ತಿ ಘಾಟಿಯ ಕಡೆ ಹೊರಟ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹಳ್ಳಿ ಹಸಿರಾಯಿತು. ಕೂಡಲೇ ಮೆದೆತ್‌ನ ಫೋನು.

“ಬಂತಾ ಎಜೆ? ಇಲ್ಲಿ ಆಸ್ಪತ್ರೆ ನರ್ಸಮ್ಮ ನನ್ನ ಏಳು ತಲೆಮಾರನ್ನೂ ಬೈದು, ಆಮೇಲೆ ಸೂಪು ಕೊಟ್ಟಳು. ನಿಮ್ಮ ಊಟ ಆಯ್ತಾ?”

“ಯಾಕೆ ಬರೆದುಕೊಟ್ಟೆ ಮೆದೆತ್?”

“ದುಃಖದ ಮನೆಯವರ ತಪ್ಪನ್ನ ಯಾರಾದ್ರೂ ಎಣಿಸ್ತಾರಾ? ಬಿಡಿ, ದೇವರು ದೊಡ್ಡೋನು.”

ಅವಳು ಫೋನು ಇಟ್ಟಳು. ಅಳು ಬರಲಿಲ್ಲ. ಹಸಿವಾಗಿದೆ ಎಂಬುದಷ್ಟೇ ತಿಳಿಯಿತು. ಎಷ್ಟೋ ದಿನದಿಂದ ಅದೂ ತಿಳಿದಿರಲಿಲ್ಲ. ಒಂದು ತುಂಡು ರೊಟ್ಟಿ ತಿಂದು, ಬಿಳಿ ಹಾಳೆ ತೆಗೆದು ಬರೆದಳು: ಹತ್ತು ನಿಮಿಷದ ಮಾತು ಹೇಳಿಡದೆ ಕೆಲಸ ಮಾಡಿದವಳು ನಾನು. ಕೆಳಗೆ ಸಹಿ ಹಾಕಿ ಮುಖ್ಯಸ್ಥನ ಮುಂದಿಟ್ಟಳು.

“ಬೈಕೆ, ಮೆದೆತ್ ಬರೆದ ಕಾಗದ ಕೊಡಿ. ಕೈ ನಂದು.”

ಕಾದಿರಾಲಿ ಓದಿದ. ಅವನ ದನಿ ಇಳಿಯಿತು. “ನಿನ್ನೆ ತಾನೇ ನಿಮ್ಮನೇಲಿ ಉಂಡು ಬಂದಿದೀನಮ್ಮ. ಇವತ್ತು ನಿನ್ನ ಹೆಸರಲ್ಲಿ ಫೈಲು ತೆರೀಲಾ?”

“ತೆರೀರಿ.”

ಅವನು ಗೋಡೆ ನೋಡಿದ, ಕಿಟಕಿ ನೋಡಿದ. ಕೊನೆಗೆ ಅವಳದನ್ನು ಫೈಲಿಗೆ ಸೇರಿಸಿ, ಮೆದೆತ್‌ನದನ್ನು ಅವಳ ಕಡೆ ಸರಿಸಿದ.

ಹೊತ್ತು ಇಳಿಯುವಾಗ ಮೆದೆತ್ ಬಂದು ಬೂಟಿನ ಹಿಮ ಒದರುತ್ತಿದ್ದ. ಬುರ್ಮಕನ್ ಹತ್ತಿರ ಹೋಗಿ, ಅವನು ಬರೆದಿದ್ದ ತಪ್ಪೊಪ್ಪಿಗೆಯ ಹಾಳೆಯನ್ನು ಮಡಿಸಿ ಅವನ ಕೈಗಿಟ್ಟಳು.